ಹೆಬ್ಬೆರಳಿನ ಮನೆ

“ಕೇಳಿರಿ! ತೀರಿಹೋದ ಮಹಾರಾಣಿಯವರು ಬರೆದಿಟ್ಟ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುವುದು. ಒಂದು ತಪ್ಪಿದರೂ ಸಂಜೆಗೆ ತಲೆ ಹೋಗುವುದು! ಮೊದಲನೆಯದು: ಬದುಕಿದ್ದಾಗ ಹಾಯುವುದು, ಸತ್ತ ಮೇಲೆ ಸವರುವುದು. ಏನದು?”

ಡಂಗುರ ಕೇಳಿ ಪುಸ್ತಕ ಕಟ್ಟುವ ಈರಭದ್ರ ನಕ್ಕುಬಿಟ್ಟ. “ಅವ್ವಾ, ಇದು ನನ್ನ ಸೊಂಟದಲ್ಲೇ ಇದೆಯಲ್ಲ!”

“ಇನ್ನೆರಡು ಎಲ್ಲಿವೆಯೋ? ಸುಮ್ಮನೆ ಕೂತ್ಕೋ,” ಎಂದು ಅವ್ವ ಅಂಗಿ ಹಿಡಿದಳು. ಅವನು ಬಿಡಿಸಿಕೊಂಡು ಹೊರಟ.

ಅವನು ಅರಮನೆಗೆ ಹೋಗುವಷ್ಟರಲ್ಲಿ ಒಬ್ಬ ರಾಜಕುಮಾರ “ಹುಲಿ” ಎಂದು ಕಂಬಕ್ಕೆ ಕಟ್ಟಿಸಿಕೊಂಡಿದ್ದ. ಇನ್ನೊಬ್ಬ “ಕೊಂಬು” ಎಂದು ಗೆದ್ದು, ಮೀಸೆ ತಿರುವುತ್ತ ನಿಂತಿದ್ದ. ರಾಜಕುಮಾರಿ ಹೊನ್ನಾಜಿ ಎರಡನೆಯದನ್ನು ಕೇಳಿದಳು: “ನೂರು ಜನರ ಬೆನ್ನಿಗೆ ಚುಚ್ಚುವನು. ಚುಚ್ಚಿಸಿಕೊಂಡವರೆಲ್ಲ ಒಂದಾಗುವರು. ಅವನು ಮಾತ್ರ ಹೊರಗೇ ಉಳಿಯುವನು.”

“ವೈರಿ!”

“ಅಲ್ಲ.” ಅವನನ್ನೂ ಕಟ್ಟಿದರು.

ಈರಭದ್ರ ಮುಂದೆ ಬಂದ. “ಅಮ್ಮಣ್ಣಿ, ಮೊದಲನೆಯದು ಕೋಣದ ಕೊಂಬು. ಅದನ್ನು ತೇಯ್ದು ಪಟ್ಟಿ ಮಾಡಿ ಕಾಗದದ ಮಡಿಕೆ ಸವರುತ್ತೇವೆ. ಎರಡನೆಯದು ಹಿಡಿ ಹಾಕಿದ ಚೂಪು ಮೊಳೆ. ಹಾಳೆಗಳ ಬೆನ್ನಿಗೆ ತೂತು ಮಾಡಿ ಅದು ಹೊರಗೆ ಬರುತ್ತದೆ, ದಾರ ಒಳಗೆ ಉಳಿದು ಎಲ್ಲವನ್ನೂ ಕೂಡಿಸುತ್ತದೆ.”

ಹೊನ್ನಾಜಿಯ ದನಿ ಇಳಿಯಿತು. “ಯಾರೂ ಕಟ್ಟದ ಮನೆ. ಇಟ್ಟಿಗೆಯಿಲ್ಲ, ಬಾಗಿಲಿಲ್ಲ. ವಾಸ ಮಾಡಿ ಮಾಡಿಯೇ ಆದದ್ದು. ಇದ್ದವರು ಹೋದರೂ ಅವರ ಅಳತೆ ಮರೆಯದು.”

ಈರಭದ್ರ ಒಗಟನ್ನು ಎರಡು ಸಲ ತನ್ನಲ್ಲೇ ಹೇಳಿಕೊಂಡ. ಕಂಬದ ಬಳಿ ನಿಂತಿದ್ದ ಕೊಡಲಿಯವನು ಒಂದು ಹೆಜ್ಜೆ ಮುಂದಿಟ್ಟ. ಹೆದರಿದ ಕೈ ತಾನಾಗಿ ಸೊಂಟದ ಕೊಂಬಿನ ಪಟ್ಟಿಯನ್ನು ಹಿಡಿಯಿತು. ಹೆಬ್ಬೆರಳು ತನ್ನ ಜಾಗಕ್ಕೆ ಹೋಗಿ ಕೂತಿತು.

“ಇದೇ!” ಎಂದ. “ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ಕುಳಿ. ಅದಕ್ಕೇ ನಾವು ಪಟ್ಟಿಯನ್ನು ಯಾರಿಗೂ ಎರವಲು ಕೊಡುವುದಿಲ್ಲ. ಬೇರೆಯವರ ಬೆರಳು ಕೂರುವುದಿಲ್ಲ.”

ಹೊನ್ನಾಜಿ ಹೌದೆಂದು ತಲೆಯಾಡಿಸಿ ತಾಯಿಯ ಪೆಟ್ಟಿಗೆ ತೆರೆದಳು. ಮೊಳೆ, ಮೇಣ, ಸವೆದು ಹೊಳೆಯುವ ಕೊಂಬಿನ ಪಟ್ಟಿ. ಕೆಳಗೆ, ಹೊಲಿಗೆ ಅರ್ಧಕ್ಕೆ ನಿಂತ ಪುಸ್ತಕ.

ಈರಭದ್ರ ಪಟ್ಟಿಯನ್ನು ಹಿಡಿದು ನೋಡಿದ. ಅವನ ಬೆರಳು ಕೂರಲಿಲ್ಲ. “ಕುಳಿ ಆಚೆ ಮಗ್ಗುಲಿಗಿದೆ. ಮಹಾರಾಣಿಯವರು ಎಡಚರೇ?”

ಸಿಂಹಾಸನದಿಂದ ರಾಜ ಎದ್ದು ನಿಂತ. ಅರಮನೆಯ ಹೊರಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಹೊನ್ನಾಜಿ ಮೆಲ್ಲನೆ ತನ್ನ ಎಡಗೈ ಚಾಚಿದಳು. ಹೆಬ್ಬೆರಳು ಕುಳಿಯಲ್ಲಿ ಇಳಿದು ಕೂತಿತು, ನಿನ್ನೆಯಷ್ಟೇ ಎದ್ದುಹೋದಂತೆ.

“ಏನು ಬೇಕು, ಕೇಳು,” ಎಂದ ರಾಜ.

“ಆ ಇಬ್ಬರ ಕಟ್ಟು ಬಿಚ್ಚಿಸಿ, ಬುದ್ಧೀ. ಅರ್ಧಕ್ಕೆ ನಿಂತ ಪುಸ್ತಕದ ಕಟ್ಟು ನಾನು ಹಾಕಲಾರೆ, ಅಮ್ಮಣ್ಣಿಯೇ ಹಾಕಬೇಕು. ನಾನು ಕಲಿಸುತ್ತೇನೆ.”

ರಾಜ ಇಬ್ಬರನ್ನೂ ಬಿಡಿಸಿದ. ಈರಭದ್ರನಿಗೆ ಅರಮನೆಯ ಪುಸ್ತಕಗಳನ್ನೆಲ್ಲ ಒಪ್ಪಿಸಿದ. ಹೊನ್ನಾಜಿ ಕಟ್ಟಿದ ಆ ಪುಸ್ತಕದ ಒಂದು ಹೊಲಿಗೆಯೂ ಇಂದಿನವರೆಗೆ ಬಿಟ್ಟಿಲ್ಲವಂತೆ.