ಮಡಕೆಯಲ್ಲಿ ಉಳಿದ ಹುಣಸೆ ಬೀಜ

"ಗುರುಗಳೇ, ನಾನು ಗುಡ್ಡದ ದಾರಿಯಲ್ಲಿ ದೂರದ ಓಟ ಓಡುತ್ತೇನೆ. ಗೆಲ್ಲುವ ಆಸೆ ಇಲ್ಲ, ಸೋಲುವ ಭಯವೂ ಇಲ್ಲ. ಬರೀ ಖುಷಿಗೆ ಓಡುತ್ತೇನೆ. ಸಾಕೆನಿಸಿದರೆ ನಡುವೆಯೇ ಬಿಟ್ಟು ಮನೆಗೆ ಹೋಗುತ್ತೇನೆ. ಖುಷಿಗಾಗಿ ಮಾಡುವುದಕ್ಕೂ ಯಾರಿಗಾದರೂ ಉತ್ತರ ಕೊಡಬೇಕೇ?" ಎಂದು ಶಿಷ್ಯ ಕೇಳಿದ.

"ಉತ್ತರ ಆಮೇಲೆ. ಮೊದಲು ಒಂದು ಕತೆ ಕೇಳು. ಇದನ್ನು ಮಾತ್ರ ನಡುವೆ ಬಿಟ್ಟು ಎದ್ದು ಹೋಗಬೇಡ" ಎಂದು ಗುರುಗಳು ಹೇಳತೊಡಗಿದರು.

ಕಲ್ಲುಬಂಡೆಗಳ ಸೀಮೆಯಲ್ಲಿ ಐದು ಗುಡ್ಡಗಳಿದ್ದವು. ಜೋಳದ ಸುಗ್ಗಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳವರು ವರ್ಷಕ್ಕೊಮ್ಮೆ ಆ ಐದು ಗುಡ್ಡಗಳನ್ನೂ ಹತ್ತಿ ಇಳಿದು ಓಡುತ್ತಿದ್ದರು. ಎಂಟು ಹರದಾರಿಯ ಓಟ. ಬೆಳಕು ಹರಿಯುವಾಗ ಹೊರಟರೆ ಗಟ್ಟಿಗರು ಮಧ್ಯಾಹ್ನಕ್ಕೆ ಬರುತ್ತಿದ್ದರು, ಉಳಿದವರು ಹೊತ್ತು ಮುಳುಗುವುದರೊಳಗೆ. ಬಹುಮಾನ ಇರಲಿಲ್ಲ. ಮೊದಲು ಬಂದವನಿಗೂ ಒಂದು ಚೊಂಬು ಮಜ್ಜಿಗೆ, ಕೊನೆಗೆ ಬಂದವನಿಗೂ ಒಂದು ಚೊಂಬು ಮಜ್ಜಿಗೆ. ಕೊನೆಯವನ ಮಜ್ಜಿಗೆ ಸ್ವಲ್ಪ ಹುಳಿಯಾಗಿರುತ್ತಿತ್ತು, ಅಷ್ಟೇ.

ಓಟಕ್ಕೆ ಒಂದೇ ಕಟ್ಟಳೆ. ಹೊರಡುವ ಜಾಗದಲ್ಲಿ ಒಂದು ಮಡಕೆ ಇಟ್ಟಿರುತ್ತಿದ್ದರು. ಓಡುವವನು ಹೊರಡುವಾಗ ಅದಕ್ಕೊಂದು ಹುಣಸೆ ಬೀಜ ಹಾಕಬೇಕು. ಬಂದ ಮೇಲೆ ಒಂದು ಬೀಜ ತೆಗೆದು ಹೊರಗೆ ಎಸೆಯಬೇಕು. ಹೆಸರು ಕೇಳುವವರಿಲ್ಲ, ಊರು ಕೇಳುವವರಿಲ್ಲ. ಮಡಕೆ ಬರಿದಾದರೆ ಗುಡ್ಡ ಬರಿದಾಯಿತು ಎಂದು ಲೆಕ್ಕ.

ಎಲ್ಲರ ಹಿಂದೆ ಒಬ್ಬ ಮುದುಕ ನಡೆದು ಬರುತ್ತಿದ್ದ. ಅವನನ್ನು ಕಡೆಯಾಳು ಎನ್ನುತ್ತಿದ್ದರು. ಕಾಲು ಉಳುಕಿದವನನ್ನು ಎಬ್ಬಿಸುವುದು, ದಾರಿ ತಪ್ಪಿದವನನ್ನು ಕೂಗಿ ಕರೆಯುವುದು ಅವನ ಪಾಲಿನ ಕೆಲಸ. ಮಡಕೆ ಬರಿದಾಗುವವರೆಗೆ ಕಡೆಯಾಳು ಕೂರುತ್ತಿರಲಿಲ್ಲ.

ಒಂದು ವರ್ಷ ಆ ಓಟಕ್ಕೆ ಒಬ್ಬ ನೇಕಾರ ಬಂದ. ವರ್ಷವಿಡೀ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಒಂದು ದಿನ ಬಯಲಲ್ಲಿ ಓಡುವುದೆಂದರೆ ಹಬ್ಬ. ಮಡಕೆಗೆ ಬೀಜ ಹಾಕಿದ, ನಗುತ್ತಾ ಹೊರಟ. ಮೂರು ಗುಡ್ಡ ಹತ್ತುವವರೆಗೆ ಅವನ ಖುಷಿಗೆ ಪಾರವಿರಲಿಲ್ಲ. ಮೂರನೆಯ ಗುಡ್ಡದ ನೆತ್ತಿಯಲ್ಲಿ ಕಾಲು ಸೋತಿತು, ಖುಷಿಯೂ ಸೋತಿತು. ಕೆಳಗೆ ನೋಡಿದರೆ ಅವನ ಊರೇ ಕಾಣುತ್ತಿತ್ತು. ಮನೆ ಕಣ್ಣೆದುರು ಇರುವಾಗ ಇನ್ನೆರಡು ಗುಡ್ಡ ಯಾಕೆ? ಕುರಿಗಳ ಕಾಲುದಾರಿ ಹಿಡಿದು ಇಳಿದುಬಿಟ್ಟ. ಮುಂದಿನವರು ಮುಂದೆ ಹೋಗಿದ್ದರು, ಹಿಂದಿನವರು ಇನ್ನೂ ಬಂದಿರಲಿಲ್ಲ. ಅವನು ಇಳಿದದ್ದನ್ನು ಒಬ್ಬರೂ ನೋಡಲಿಲ್ಲ.

ಮನೆಯಲ್ಲಿ ಹೆಂಡತಿ, "ಓಟ ಮುಗೀತಾ?" ಎಂದಳು. "ಮುಗೀತು" ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವನ ಪಾಲಿಗೆ ಮುಗಿದಿತ್ತು. ನಾಲ್ಕು ರೊಟ್ಟಿ ತಿಂದ, ಮಲಗಿದ.

ಸಂಜೆ ಕಡೆಯಾಳು ಕೊನೆಯ ಓಟಗಾರನ ಜೊತೆ ಇಳಿದು ಬಂದ. ಮಡಕೆಯಲ್ಲಿ ಒಂದು ಬೀಜ ಉಳಿದಿತ್ತು. ಮುದುಕ ಬಗ್ಗಿ ನೋಡಿದ. ಮಜ್ಜಿಗೆಯ ಚೊಂಬನ್ನು ಮುಟ್ಟಲಿಲ್ಲ. ಒಂದು ದೊಂದಿ ಹೊತ್ತಿಸಿಕೊಂಡ.

"ಕತ್ತಲಾಯಿತು, ಬೆಳಗ್ಗೆ ಎಲ್ಲರೂ ಸೇರಿ ಹೋಗೋಣ" ಎಂದ ಊರ ಗೌಡ.

"ಬೆಳಗಾಗುವತನಕ ಮೇಲಿರೋನಿಗೆ ಯಾರು ದಿಕ್ಕು, ಗೌಡರೇ?" ಎಂದು ಮುದುಕ ಬಂದ ದಾರಿಯಲ್ಲೇ ತಿರುಗಿ ಹೊರಟ.

ಬೆಳಗಾದರೂ ಅವನು ಬರಲಿಲ್ಲ. ಹಳ್ಳಿಹಳ್ಳಿಗೆ ಡಂಗುರ ಹೋಯಿತು. ಓಡಲು ಹೋದವನೊಬ್ಬ ಗುಡ್ಡದಿಂದ ಇಳಿದಿಲ್ಲ, ಹುಡುಕಲು ಹೋದ ಕಡೆಯಾಳೂ ಇಳಿದಿಲ್ಲ. ಇಳಿಯದವನು ಯಾರು ಎಂದು ಯಾರಿಗೂ ತಿಳಿಯದು. ನಮ್ಮವನಲ್ಲ, ಪಕ್ಕದ ಊರಿನವನಿರಬೇಕು ಎಂದು ಪ್ರತಿ ಊರೂ ಅಂದುಕೊಂಡಿತು.

ಡಂಗುರ ಕೇಳಿ ನೇಕಾರ ಹೊದಿಕೆ ಕಿತ್ತೆಸೆದು ಎದ್ದ. ಅಯ್ಯೋ ಪಾಪ, ಯಾವ ತಾಯಿಯ ಮಗನೋ ಎಂದುಕೊಂಡ. ಬಾಯಿ ಕೂಡ ತೊಳೆಯದೆ ಗುಡ್ಡಕ್ಕೆ ಓಡಿದ. ಹಿಂದಿನ ದಿನ ಸೋತಿದ್ದ ಕಾಲಿಗೆ ಈಗ ಸೋಲು ನೆನಪಿರಲಿಲ್ಲ. ಬಂಡೆ ಬಂಡೆಯ ಸಂದಿಗೂ ಇಣುಕಿದ. "ಎಲ್ಲಿದ್ದೀಯಪ್ಪಾ, ಓಗೊಡಪ್ಪಾ" ಎಂದು ಕೂಗಿದ. ಅಷ್ಟು ಜನರಲ್ಲಿ ಅವನಷ್ಟು ಗಟ್ಟಿಯಾಗಿ ಕೂಗಿದವರಿಲ್ಲ. ನೋಡಿದವರು, ಮನುಷ್ಯ ಅಂದರೆ ಇವನು ಎಂದು ಹೊಗಳಿದರು. ಶಿಷ್ಯಾ, ನಗಬೇಡ. ನಿನ್ನ ಮುಖ ನೋಡಿದರೆ ನಿನಗೆ ಆಗಲೇ ತಿಳಿದಿದೆ. ಅವನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಉಂಡು ಮಲಗಿದವನು ತಾನು ಕಳೆದುಹೋಗಿದ್ದೇನೆ ಎಂದು ಕನಸಿನಲ್ಲಾದರೂ ಎಣಿಸುತ್ತಾನೆಯೇ?

ಮಧ್ಯಾಹ್ನದ ಹೊತ್ತಿಗೆ ಮೂರನೆಯ ಗುಡ್ಡದ ಕೆಳಗೆ, ಎರಡು ಬಂಡೆಗಳ ನಡುವೆ, ನೇಕಾರನಿಗೆ ಒಂದು ಪಾದ ಕಂಡಿತು. "ಸಿಕ್ಕಿದ!" ಎಂದು ಕೂಗಿದ. ಜನ ಓಡಿ ಬಂದರು. ಸಿಕ್ಕವನು ಕಡೆಯಾಳು. ಮೈ ತಣ್ಣಗಾಗಿತ್ತು.

ಮುದುಕ ಬಿದ್ದ ಕೂಡಲೇ ಸತ್ತಿರಲಿಲ್ಲ. ಕಾಲು ಮುರಿದಿತ್ತು, ಅಂಗೈಯ ಚರ್ಮ ಕಿತ್ತುಹೋಗಿತ್ತು. ಬಹಳ ದೂರ ತೆವಳಿದ್ದ. ಜನ ತೆವಳಿದ ಗುರುತಿನ ಹಿಂದೆ ಹೋಗಿ ನೋಡಿದರು. ಅವನು ತೆವಳಿದ್ದು ಊರಿನ ಕಡೆಗೆ ಅಲ್ಲ, ಗುಡ್ಡದ ಮೇಲಕ್ಕೆ. ಸೊಂಟದಲ್ಲಿ ಅವಲಕ್ಕಿ ಬೆಲ್ಲದ ಗಂಟಿತ್ತು, ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಸೋರೆಬುರುಡೆಯಲ್ಲಿ ನೀರು ತುಂಬಿತ್ತು, ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಅದು ಸಿಗಬೇಕಾದವನ ಪಾಲು. ಕಡೆಯಾಳು ಅದನ್ನು ಮುಟ್ಟುವಂತಿಲ್ಲ, ಅವನೂ ಮುಟ್ಟಿರಲಿಲ್ಲ.

ಹೆಣವನ್ನು ಕೆಳಗೆ ತಂದರು. ಇನ್ನೊಬ್ಬ ಮೇಲೆಯೇ ಇದ್ದಾನಲ್ಲ ಎಂದು ಗೌಡ ಪ್ರತಿ ಊರಿನವರಿಗೂ ತಮ್ಮ ತಮ್ಮ ಮಂದಿಯನ್ನು ಎಣಿಸಲು ಹೇಳಿದ. ಎಣಿಸಿದರು. ಎಲ್ಲ ಊರಿನವರೂ ಇದ್ದರು. ಮೂರು ಸಲ ಎಣಿಸಿದರು. ಯಾವ ಮನೆಯಲ್ಲೂ ಯಾರೂ ಕಡಿಮೆಯಿರಲಿಲ್ಲ. ಹಾಗಾದರೆ ಮಡಕೆಯಲ್ಲಿ ಉಳಿದ ಬೀಜ ಯಾರದು?

ಜನ ಕೆರಳಿದರು. ನೇಕಾರ ಎಲ್ಲರಿಗಿಂತ ಹೆಚ್ಚು ಕೆರಳಿದ. "ಯಾವನೋ ಪಾಪಿ ಬೇಕಂತ ಎರಡು ಬೀಜ ಹಾಕಿದ್ದಾನೆ. ಅವನ ಕೈ ಸೇದಿಹೋಗ" ಎಂದು ಶಪಿಸಿದ.

ಗೌಡ ಓಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಯಾವ ಹೊತ್ತಿಗೆ ಬಂದೆ, ಯಾರ ಹಿಂದೆ ಬೀಜ ತೆಗೆದೆ ಎಂದು ಒಬ್ಬೊಬ್ಬರನ್ನೇ ಕೇಳಿದ. ಒಬ್ಬೊಬ್ಬರೇ ಹೇಳಿದರು. ನೇಕಾರನ ಸರದಿ ಬಂತು. ಅವನು ಹೇಳಲು ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಉಳಿಯಿತು. ಮಡಕೆಗೆ ಬೀಜ ಹಾಕಿದ್ದು ಅವನಿಗೆ ನೆನಪಿತ್ತು. ತೆಗೆದದ್ದು ನೆನಪಾಗಲಿಲ್ಲ. ಎಷ್ಟು ನೆನೆದರೂ ಮೂರನೆಯ ಗುಡ್ಡ, ಕುರಿದಾರಿ, ರೊಟ್ಟಿ, ನಿದ್ದೆ. ಬೇರೇನೂ ಇರಲಿಲ್ಲ. ಬೆಳಗಿನಿಂದ ಗಂಟಲು ಹರಿಯುವಂತೆ ಯಾರನ್ನು ಕೂಗಿದ್ದೇನೆ ಎಂದು ಆಗ ಹೊಳೆಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಹೇಳಿ ನಾವು ನಗುತ್ತೇವೆ. ಅಲ್ಲಿ ನಗುವವರಿರಲಿಲ್ಲ. ಅವನ ಮುಖ ನೋಡಿದವರಿಗೆಲ್ಲ ಅರ್ಥವಾಯಿತು.

ಹೆಣದ ತಲೆದೆಸೆಯಲ್ಲಿ ಮುದುಕನ ಹೆಂಡತಿ ಕೂತಿದ್ದಳು. ಅವಳಿಗೆ ಈ ಎಣಿಕೆ, ವಿಚಾರಣೆ ಯಾವುದೂ ತಲೆಗೆ ಹೋಗಿರಲಿಲ್ಲ. ಜನ ನೇಕಾರನನ್ನೇ ನೋಡುವುದನ್ನು ಕಂಡು ತಲೆಯೆತ್ತಿದಳು.

"ಮೇಲಿದ್ದೋನು ಸಿಕ್ಕಿದನೇನಪ್ಪಾ? ಜೀವಂತ ಇದಾನಾ?"

"ಇದಾನೆ ಕಣವ್ವಾ" ಎಂದ ನೇಕಾರ.

ಮುದುಕಿ ಗಂಡನ ಸೊಂಟದಿಂದ ಗಂಟು ಬಿಚ್ಚಿ ನೇಕಾರನ ಕೈಗಿಟ್ಟಳು. "ಹಂಗಾದ್ರೆ ಇದನ್ನ ಅವನಿಗೆ ಕೊಡು. ನಿನ್ನೆಯಿಂದ ಹಸಿದಿರ್ತಾನೆ, ಪಾಪ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಗುರುಗಳೇ, ಕೇಳಲಾಗದಷ್ಟು ಸಂಕಟದ ಕತೆ. ಆದರೂ ಒಂದು ಮಾತು. ಮುದುಕ ಕಡೆಯಾಳು, ಹೋಗುವುದು ಅವನ ಕರ್ತವ್ಯ. ನೇಕಾರ ಬಂದದ್ದು ಬರೀ ಖುಷಿಗೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?" ಎಂದ.

"ಆ ಮುದುಕನನ್ನು ಯಾರೂ ನೇಮಿಸಿರಲಿಲ್ಲಪ್ಪಾ, ಅವನೂ ಬರೀ ಖುಷಿಗೇ ಹೋಗುತ್ತಿದ್ದ" ಎಂದರು ಗುರುಗಳು.