ಮಟ್ಟಿ ಮುಟ್ಟುವ ತನಕ

"ಮನೇಲೇ ಮಾಡಿದ್ರೆ ಮೈಗೆ ಹತ್ತಲ್ವಾ?"

ನನ್ನ ಹೆಂಡತಿ ದೇವೀರಮ್ಮ ನನ್ನನ್ನು ಕೇಳಿದ ಕೊನೆಯ ಮಾತು ಇದು. ನಾನು ಉತ್ತರ ಕೊಡಲಿಲ್ಲ.

ಕೊಡಬಾರದು ಎಂದಲ್ಲ. ನಾನು ಗರಡಿಗೆ ಹೊರಟಿದ್ದೆ. ನಮ್ಮ ಗರಡಿಯಲ್ಲಿ ಒಂದು ಕಟ್ಟಳೆ ಇದೆ. ಬೆಳಿಗ್ಗೆ ಲಂಗೋಟಿ ಬಿಗಿದ ಮೇಲೆ, ಮಟ್ಟಿ ಮುಟ್ಟುವ ತನಕ ಮಾತಾಡಬಾರದು. ಹಿಂದೆ ತಿರುಗಿ ನೋಡಬಾರದು. ಮಟ್ಟಿ ಅಂದರೆ ಗರಡಿಯ ಒಳಗಿನ ಕೆಂಪು ಮಣ್ಣು. ಕುಸ್ತಿ ನಡೆಯುವುದು ಅದರ ಮೇಲೆ. ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೆ ಬಾಯಿ ಬಿಡಬಹುದು.

ಈ ಕಟ್ಟಳೆ ಮಾಡಿದವರು ನಮಗೆ ಕಲಿಸಿದ ಗುರುಗಳು, ವಸ್ತಾದ್ ಕೆಂಪನಂಜಪ್ಪನವರು. ಮಾತಾಡಿದರೆ ಉಸಿರು ಒಡೆಯುತ್ತದೆ, ತಿರುಗಿದರೆ ಮನಸ್ಸು ಮನೆಯಲ್ಲೇ ಉಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ನಾನು ಹದಿನೇಳನೆಯ ವಯಸ್ಸಿಗೆ ಗರಡಿಗೆ ಸೇರಿದವನು. ಒಂದು ದಿನವೂ ಅದನ್ನು ಮೀರಲಿಲ್ಲ.

ವಾಪಸ್ಸು ಬಂದು ಹೇಳಿದರಾಯಿತು ಎಂದುಕೊಂಡೆ. ಬಂದಾಗ ಅವಳು ಚಾಪೆಯ ಮೇಲೆ ಮಲಗಿದ್ದಳು. ಕಾಫಿ ಕಾಯಿಸಲಾ ಎಂದು ಕೇಳಿದೆ. ಎರಡು ಸಲ ಕೇಳಿದೆ.

ಯುಗಾದಿಯ ಹಿಂದಿನ ವಾರ ಅವಳ ಬಲಗಡೆ ಬಿದ್ದುಹೋಗಿತ್ತು. ಲಕ್ವ ಎಂದರು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರು ನನ್ನನ್ನು ಕರೆದು ಹೇಳಿದರು.

"ದಿನಾ ಮನೇಲಿ ಗೋಡೆ ಹಿಡಿಸಿ ನಡೆಸಿ. ಆಗಲ್ಲ ಅಂದ್ರೆ ವಾರಕ್ಕೆ ಎರಡು ಸಲ ಇಲ್ಲಿಗೆ ಕರ್ಕೊಂಡು ಬನ್ನಿ. ಎರಡೂ ಮಾಡಿದ್ರೆ ಇನ್ನೂ ಒಳ್ಳೇದು."

ನಾನು ಒಂದನ್ನು ಮಾತ್ರ ಹಿಡಿದೆ.

ನಾನು ಗರಡಿಯವನು. ವಸ್ತಾದರ ಕಣ್ಣಿಲ್ಲದೆ ನಾವು ಒಂದು ದಂಡ ಹೊಡೆಯುವುದಿಲ್ಲ, ಒಂದು ಬಸ್ಕಿ ತೆಗೆಯುವುದಿಲ್ಲ. ನೋಡುವವರು ಇಲ್ಲದೆ ಮಾಡಿದರೆ ತಪ್ಪು ಮೈಯಲ್ಲಿ ಕೂತುಬಿಡುತ್ತದೆ. ಮನೆ ಇರುವುದು ಉಣ್ಣುವುದಕ್ಕೆ, ಮಲಗುವುದಕ್ಕೆ. ಮೈ ಪಳಗಿಸುವ ಜಾಗವೇ ಬೇರೆ. ಹೀಗೆ ನಾನು ನಂಬಿದ್ದೆ. ಅದನ್ನೇ ಅವಳ ಮೇಲೂ ಹಾಕಿದೆ.

ವಾರಕ್ಕೆ ಎರಡು ಸಲ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಎರಡು ಕಂಬಿಗಳ ನಡುವೆ ನಡೆಸುತ್ತಿದ್ದರು. ಮನೆಯಲ್ಲಿ ಏಳಲು ಹೋದರೆ ಗದರುತ್ತಿದ್ದೆ.

"ಏಳಬೇಡ. ತಪ್ಪು ಹೆಜ್ಜೆ ಕಲಿತುಬಿಡ್ತೀಯ. ಮಂಗಳವಾರ ಅಲ್ಲೇ ಮಾಡುವೆಯಂತೆ."

"ನಾನೇನು ದಸರಾ ಕುಸ್ತಿಗೆ ಹೋಗ್ಬೇಕಾ? ಬಚ್ಚಲಿಗೆ ಹೋಗ್ಬೇಕು."

"ಕರೆ. ಎತ್ಕೊಂಡು ಹೋಗ್ತೀನಿ."

"ಎತ್ತೋರು ಗರಡೀಲಿ ಕಲ್ಲು ಎತ್ತುತಾ ಇರ್ತಾರೆ. ಯಾರನ್ನ ಕರೀಲಿ? ನನಗೂ ಒಂದು ಲಂಗೋಟಿ ಹೊಲಿಸಿಬಿಡಿ, ನಿಮ್ಮ ಜೊತೇಲೇ ಬರ್ತೀನಿ."

ನಾನು ನಕ್ಕೆ. ಗರಡಿಯ ಒಳಗೆ ಹೆಂಗಸರು ಬರುವ ಹಾಗಿಲ್ಲ. ಅವಳೂ ನಕ್ಕಳು. ಬಾಯಿ ಒಂದೇ ಕಡೆಗೆ ನಗುತ್ತಿತ್ತು.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ಮೇಡಂ ಅವಳ ಕಾಲು ಹಿಡಿದು ನೋಡಿ, ಪರವಾಗಿಲ್ಲ, ಚೆನ್ನಾಗಿ ಬಲ ಬರ್ತಾ ಇದೆ ಎಂದರು. ಆಟೋದಲ್ಲಿ ನಾನು ಹೇಳಿದೆ.

"ನೋಡಿದೆಯಾ? ಜಾಗದ ಗುಣ."

"ಹೌದೌದು, ಜಾಗದ ಗುಣ," ಅಂದಳು.

ಲಕ್ವ ಹೊಡೆದು ಐದು ತಿಂಗಳು ಕಳೆಯಿತು. ಆಮೇಲೆ ಆ ಬೆಳಿಗ್ಗೆ ಬಂತು.

ತಿಥಿ ಮುಗಿಸಿ ಮಗಳು ಗಂಡನ ಮನೆಗೆ ಹೋದಳು. ನಾನು ಗರಡಿಗೆ ಹೋಗಲಿಲ್ಲ. ಕೆಲಸಕ್ಕೆ ಸಾಮಿಲ್ಲಿಗೆ ಹೋದೆ, ಮರ ಕೊಯ್ದೆ, ಬಂದೆ. ಗರಗಸದ ಸದ್ದಿನಲ್ಲೂ ಅದೇ ಮಾತು ಕೇಳುತ್ತಿತ್ತು. ಅವಳು ಕೇಳಿದ್ದಕ್ಕೆ ನಾನು ಏನು ಹೇಳಬೇಕಿತ್ತು? ಮನೆಯಲ್ಲೇ ದಿನಾ ನಡೆಸಿದ್ದರೆ ಉಳಿಯುತ್ತಿದ್ದಳೇ? ಉಳಿಯುತ್ತಿದ್ದಳು ಎಂದಾದರೆ ಅವಳನ್ನು ಕೊಂದವನು ನಾನು. ಅಷ್ಟು ನನಗೆ ತಿಳಿಯಬೇಕಿತ್ತು.

ಹದಿನಾರನೆಯ ದಿನ ಸಂಜೆ ವಸ್ತಾದರ ಹತ್ತಿರ ಹೋದೆ. ಅವರಿಗೆ ಎಂಬತ್ತು ದಾಟಿದೆ. ಗರಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರೇ ಗುದ್ದಲಿ ಹಿಡಿದು ಮಟ್ಟಿ ಅಗೆಯುತ್ತಿದ್ದರು.

"ಬಾರಪ್ಪ ಸಣ್ಣಸ್ವಾಮಿ," ಅಂದರು. "ಹದಿನಾರು ದಿನ ಆಯ್ತು. ಹಿಂಗೇ ಮೈ ಬಿಟ್ಟರೆ ನಿನ್ನ ಸಾಮಿಲ್ಲಿನ ಹೊಟ್ಟಿನ ಚೀಲ ಆಗ್ತೀಯ."

ನಾನು ಕೂರಲಿಲ್ಲ. ನಿಂತೇ ಕೇಳಿದೆ.

"ಮನೇಲೇ ಮಾಡಿದ್ರೆ ಮೈಗೆ ಹತ್ತಲ್ವಾ, ಗುರುಗಳೇ?"

"ಯಾರು ಕೇಳಿದ್ದು?"

"ಅವಳು. ನಾನು ಲಂಗೋಟಿ ಬಿಗಿದಿದ್ದೆ. ಮಾತಾಡಲಿಲ್ಲ. ಬರೋ ಹೊತ್ತಿಗೆ ಹೋಗಿಬಿಟ್ಟಿದ್ಲು."

ಗುದ್ದಲಿ ನಿಂತಿತು.

"ಆ ಕಟ್ಟಳೆ ನಂದು," ಅಂದರು.

"ಕಟ್ಟಳೆ ಮಾತು ಬಿಡಿ. ಮನೇಲಿ ಮಾಡಿಸಿದ್ರೆ ಉಳೀತಿದ್ಲಾ? ಹೌದು ಅಂದ್ರೆ ಹೌದು ಅನ್ನಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ಯಾವುದಾದ್ರೂ ಒಂದು ಹೇಳಿ."

ಅವರು ಗುದ್ದಲಿಯನ್ನು ಗೋಡೆಗೆ ಒರಗಿಸಿದರು. ಕಟ್ಟೆಯ ಮೇಲೆ ಕೂತರು. ನನ್ನನ್ನೂ ಕೂರಿಸಿದರು. ಆಮೇಲೆ ಈ ಕತೆ ಹೇಳಿದರು. ಕತೆ ಹೇಳುವಾಗ ಅವರ ಮಾತು ಬೇರೆಯಾಗುತ್ತದೆ, ಪುಸ್ತಕ ಓದಿದ ಹಾಗೆ.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದನು. ಅಂಗಡಿಯಲ್ಲಿ ಕುಳಿತು ಕುಳಿತು ಅವನ ಮೈ ಭಾರವಾಯಿತು. ವೈದ್ಯನು ಬಂದು, ದಿನವೂ ನಡೆಯಬೇಕು ಎಂದನು. ವ್ಯಾಪಾರಿಯ ಮನೆಯ ಮುಂದೆ ಒಂದು ಕೊಳವಿತ್ತು. ಅವನು ಬೆಳಗಾಗುತ್ತಲೇ ಎದ್ದು ಆ ಕೊಳವನ್ನು ಇಪ್ಪತ್ತೊಂದು ಸಲ ಸುತ್ತಿ ಬರತೊಡಗಿದನು.

ವ್ಯಾಪಾರಿಯ ಹೆಂಡತಿಗೆ ಕಾಲಿನ ಬಲ ಕಡಿಮೆಯಾಗಿತ್ತು. ಅವಳು ಒಳಗೆ ಚಾಪೆಯ ಮೇಲೆ ಕುಳಿತಿರುತ್ತಿದ್ದಳು. ವೈದ್ಯನು ಅವಳಿಗೂ ಹೇಳಿದನು.

"ತಾಯಿ, ದಿನಕ್ಕೆ ಇಪ್ಪತ್ತು ಸಲವಾದರೂ ಎದ್ದು ನಿಂತು ಕುಳಿತುಕೊಳ್ಳಬೇಕು. ಇಲ್ಲದಿದ್ದರೆ ಕಾಲುಗಳು ಒಣಗುತ್ತವೆ."

ಅವಳು ಆಗಲಿ ಎಂದಳು. ಆದರೆ ವ್ಯಾಪಾರಿ ಹೊರಡುವಾಗ ಅವಳು ಕುಳಿತಿರುತ್ತಿದ್ದಳು. ಅವನು ಹಿಂದಿರುಗಿ ಬಂದಾಗಲೂ ಕುಳಿತಿರುತ್ತಿದ್ದಳು. ಎದ್ದೆಯಾ ಎಂದು ಕೇಳಿದರೆ, ಮಂಡಿ ನೋಯುತ್ತದೆ ಎನ್ನುತ್ತಿದ್ದಳು. ಹೀಗೆ ಮೂರು ವರ್ಷ ಕಳೆಯಿತು.

ವ್ಯಾಪಾರಿಯ ಮೈ ಹಗುರವಾಯಿತು. ಅವನಿಗೆ ನಾಚಿಕೆಯಾಯಿತು. ನಾನು ಹೊರಗೆ ಹೋಗಿ ನನ್ನ ಮೈ ಉಳಿಸಿಕೊಂಡೆ, ಇವಳು ಒಳಗೆ ಒಬ್ಬಳೇ ಕುಳಿತು ಕಾಲು ಕಳೆದುಕೊಳ್ಳುತ್ತಿದ್ದಾಳೆ ಎಂದು ಅವನು ಯೋಚಿಸಿದನು. ಮರುದಿನ ಅವನು ಕೊಳಕ್ಕೆ ಹೋಗಲಿಲ್ಲ. ಅವಳ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದನು.

"ಇನ್ನು ಮೇಲೆ ಇಬ್ಬರೂ ಮನೆಯಲ್ಲೇ ಮಾಡೋಣ," ಎಂದನು.

ಅವಳಿಗೆ ಸಂತೋಷವಾಯಿತು. ಅವನು ಎದ್ದನು, ಕುಳಿತನು. ಅವಳು ನಕ್ಕಳು.

"ನೀವು ಮಾಡಿ. ನಾನು ನೋಡುತ್ತೇನೆ," ಎಂದಳು.

ದಿನವೂ ಹೀಗೆಯೇ ಆಯಿತು. ಅವನು ಎದ್ದು ಕುಳಿತು ಮಾಡುವನು, ಅವಳು ಪಕ್ಕದಲ್ಲಿ ಕುಳಿತು ನೋಡುವಳು. ಮೂರು ತಿಂಗಳಲ್ಲಿ ಅವಳ ಕಾಲುಗಳು ಕಡ್ಡಿಯಾದವು. ಅವಳಿಗೆ ನಿಲ್ಲಲು ಆಗಲಿಲ್ಲ.

ವೈದ್ಯನು ಬಂದು ಕಾಲು ಮುಟ್ಟಿ ನೋಡಿದನು. "ಮೂರು ವರ್ಷ ಈ ಕಾಲುಗಳು ದಿನವೂ ಕೆಲಸ ಮಾಡಿವೆ. ಈಗ ಮೂರು ತಿಂಗಳಿಂದ ಸುಮ್ಮನಿವೆ. ಏನನ್ನು ಬಿಟ್ಟಿರಿ?" ಎಂದು ಕೇಳಿದನು.

"ಏನೂ ಬಿಟ್ಟಿಲ್ಲ. ಆಗಲೂ ಅವಳು ಕುಳಿತೇ ಇದ್ದಳು. ಈಗ ನಾನು ಜೊತೆಗೆ ಇದ್ದೇನೆ, ಅಷ್ಟೇ," ಎಂದನು ವ್ಯಾಪಾರಿ.

ಒಳಗೆ ಅಕ್ಕಿ ಆರಿಸುತ್ತಿದ್ದ ಮನೆಕೆಲಸದ ಹೆಂಗಸು ಇದನ್ನು ಕೇಳಿ ಎದ್ದು ಬಂದಳು.

"ಅಮ್ಮನವರು ಕುಳಿತಿದ್ದರೆಂದು ಯಾರು ಹೇಳಿದರು? ಈ ಕಿಟಕಿ ನೋಡಿ, ಎಷ್ಟು ಎತ್ತರದಲ್ಲಿದೆ. ಕುಳಿತರೆ ಕೊಳ ಕಾಣುವುದಿಲ್ಲ. ಯಜಮಾನರು ಆಚೆ ದಡಕ್ಕೆ ಬಂದಾಗಲೆಲ್ಲ ಅಮ್ಮನವರು ಗೋಡೆ ಹಿಡಿದು ಎದ್ದು ನೋಡುತ್ತಿದ್ದರು. ಯಜಮಾನರು ಮರೆಯಾದ ಮೇಲೆ ಕುಳಿತುಕೊಳ್ಳುತ್ತಿದ್ದರು. ದಿನವೂ ಇಪ್ಪತ್ತೊಂದು ಸಲ."

ವ್ಯಾಪಾರಿ ಹೆಂಡತಿಯ ಕಡೆಗೆ ತಿರುಗಿದನು.

"ಯಾಕೆ ನೀನು ಹೇಳಲಿಲ್ಲ?"

"ನೀವು ಹತ್ತಿರ ಬಂದು ಕುಳಿತಿರಿ," ಎಂದಳು ಅವಳು. "ನನಗೆ ಅದೂ ಬೇಕಾಗಿತ್ತು."

ವಸ್ತಾದರು ಇಷ್ಟು ಹೇಳಿ ನಿಲ್ಲಿಸಿದರು.

"ಆಮೇಲೆ ಆಯಮ್ಮ ಎದ್ದು ನಡೆದ್ಲಾ?"

"ಕತೆ ಇರೋದು ಇಷ್ಟೇ."

ಕತೆಯನ್ನು ಎರಡು ಸಲ ಮನಸ್ಸಿನಲ್ಲಿ ತಿರುಗಿಸಿದೆ. ವ್ಯಾಪಾರಿ ಮನೆಯಲ್ಲಿ ಕೂತದ್ದರಿಂದ ಹೆಂಡತಿಯ ಕಾಲು ಹೋಯಿತು. ಹೊರಗೆ ಹೋಗುತ್ತಿದ್ದಾಗ ಕಾಲು ಇತ್ತು. ಅಂದರೆ ಕತೆ ನನ್ನ ಕಡೆಗಿದೆ ಎನ್ನಿಸಿತು. ಹದಿನಾರು ದಿನದಲ್ಲಿ ಮೊದಲ ಸಲ ಎದೆ ಸ್ವಲ್ಪ ಸಡಿಲವಾಯಿತು.

"ಹಾಗಾದ್ರೆ ನಾನು ಅವಳನ್ನ ಮನೇಲಿ ಬಿಟ್ಟು ಗರಡಿಗೆ ಬಂದಿದ್ದೇ ಸರಿ ಅಂತೀರಾ, ಗುರುಗಳೇ?"

ಅವರು ಕೈಗೆ ಹತ್ತಿದ ಮಣ್ಣು ಉಜ್ಜಿ ಕೆಡವಿದರು. ನನ್ನ ಮುಖ ನೋಡಿದರು.

"ದಿನಾ ನೀನು ಹೊರಟಾಗ ನಿನ್ನ ಹಿಂದೆ ಅವಳು ಎಲ್ಲೀ ತನಕ ಬರ್ತಿದ್ಲು?"

ನನಗೆ ಗೊತ್ತಿರಲಿಲ್ಲ. ಒಂದು ದಿನವೂ ನಾನು ತಿರುಗಿ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಲಂಗೋಟಿ ಬಿಗಿಯಲಿಲ್ಲ. ಬಾಗಿಲು ತೆಗೆದೆ, ಬೆಳಕು ಒಳಗೆ ಬಂತು. ಅವಳು ಚಾಪೆ ಹಾಸುತ್ತಿದ್ದ ಜಾಗದಲ್ಲಿ ಬಂದು ಕೂತೆ. ಅಲ್ಲಿಂದ ಗೋಡೆ ನೋಡಿದೆ.

ಸೊಂಟದ ಎತ್ತರದಲ್ಲಿ ಕೈಯ ಗುರುತುಗಳಿದ್ದವು. ಎಣ್ಣೆಯ ಗುರುತು. ಬಿದ್ದುಹೋದ ಬಲಗೈಗೆ ಅವಳೇ ಎಡಗೈಯಿಂದ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆ ಎಡಗೈ ಒಂದಾದ ಮೇಲೊಂದು ಗೋಡೆಯ ಮೇಲೆ ಕೂತಿತ್ತು. ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಬೀದಿ ಬಾಗಿಲಿಗೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಕಡೆ ಮರವೇ ಕಪ್ಪಾಗಿತ್ತು. ಎದುರಿನ ಗೋಡೆಯಲ್ಲೂ ಗುರುತುಗಳಿದ್ದವು. ಅವು ಬಾಗಿಲಿನಿಂದ ಕೋಣೆಯ ಕಡೆಗೆ ಹಿಂದಕ್ಕೆ ಬರುತ್ತಿದ್ದವು.

ಇದನ್ನೆಲ್ಲ ನಾನು ಮೊದಲೂ ಕಂಡಿದ್ದೆ. ಗೋಡೆ ಹಳೆಯದಾಯಿತು, ಸುಣ್ಣ ಬಳಿಸಬೇಕು ಎಂದುಕೊಂಡಿದ್ದೆ.

ನಾನು ಎಡಗೈಯನ್ನು ಮೊದಲನೆಯ ಗುರುತಿನ ಮೇಲೆ ಇಟ್ಟೆ. ಬಲಗೈ ಜೋಲು ಬಿಟ್ಟೆ. ಬಲಗಾಲಿಗೆ ಭಾರ ಕೊಡದೆ ಎಡಗಾಲಿನಲ್ಲೇ ಎದ್ದೆ. ಮೊದಲ ಸಲ ಆಗಲಿಲ್ಲ, ಕುಸಿದು ಕೂತೆ. ಎರಡನೆಯ ಸಲಕ್ಕೆ ನಿಂತೆ. ಬಲಗಾಲನ್ನು ಎಳೆದುಕೊಂಡು, ಗುರುತಿನ ಮೇಲೆ ಗುರುತು ಹಿಡಿದು ಹೊರಟೆ. ಅವಳ ಕೈ ಚಿಕ್ಕದು. ನನ್ನ ಕೈಯ ಕೆಳಗೆ ಪೂರಾ ಮುಚ್ಚಿಹೋಗುತ್ತಿತ್ತು.

ಇಪ್ಪತ್ತಾರು ಹೆಜ್ಜೆಯಾಯಿತು. ಮೂರು ಕಡೆ ನಿಲ್ಲಬೇಕಾಯಿತು.

ಚೌಕಟ್ಟು ಹಿಡಿದು ನಿಂತು ಬೀದಿ ನೋಡಿದೆ. ಗರಡಿಯ ತಿರುವಿನ ತನಕ ಕಾಣುತ್ತದೆ. ತಿರುವಿನಲ್ಲಿ ಯಾರೂ ಇರಲಿಲ್ಲ. ಒಬ್ಬ ಮನುಷ್ಯ ಅಲ್ಲಿಗೆ ಹೋಗಿ ಮರೆಯಾಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದೆ.

ಆಮೇಲೆ ಎದುರಿನ ಗೋಡೆ ಹಿಡಿದು ಹಾಗೆಯೇ ಕಾಲೆಳೆಯುತ್ತಾ ಹಿಂದಕ್ಕೆ ಬಂದೆ. ಅವಳ ಜಾಗದಲ್ಲಿ ಕೂರುವ ಹೊತ್ತಿಗೆ ನನ್ನ ಮೈ ಬೆವೆತುಹೋಗಿತ್ತು.