ಹಾಲಿನವನ ಸ್ಪ್ಯಾನರು

"ಅಜ್ಜಾರೇ, ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ ಅಂತ ದಿನಾ ಕೇಳುತ್ತಿದ್ದೆ. ಆದರೂ ಮನೆ ಬಿಟ್ಟು ಸೋದರಮಾವನ ಮನೆ ಸೇರಿದ್ದಾಳೆ. ಫೋನೂ ಎತ್ತುವುದಿಲ್ಲ. ನಾಳೆ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬರಲೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಮಠದ ಗುರುಗಳಾದ ಅಜ್ಜಾರು ನಕ್ಕರು. "ಎಳೆಯುವುದು ಇದ್ದೇ ಇದೆ. ಮೊದಲು ಕೂತು ಈ ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ಹಾಲಿನವನಿದ್ದ. ಅವನ ಅನ್ನವೇ ಸೈಕಲ್ಲು. ಹಾಲಿನ ಕ್ಯಾನು ಹೊರುವ ಕ್ಯಾರಿಯರು ಒಂದು ಬೋಲ್ಟಿನಿಂದ ಫ್ರೇಮಿಗೆ ನಿಂತಿತ್ತು. ಅದು ಸಡಿಲವಾದರೆ ಹಾಲೆಲ್ಲ ಮಣ್ಣುಪಾಲು ಎಂಬ ಹೆದರಿಕೆ ಅವನಿಗೆ. ಅದಕ್ಕೇ ಸೊಂಟದಲ್ಲಿ ಸ್ಪ್ಯಾನರು ಸಿಕ್ಕಿಸಿಕೊಂಡೇ ಇರುತ್ತಿದ್ದ. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದ. ಬಿಗಿ ಇದ್ದರೂ ಮಾಡುತ್ತಿದ್ದ. ಪುಣ್ಯಾತ್ಮನ ಜತನ ನೋಡು!

ಒಂದು ಬೆಳಿಗ್ಗೆ ಹಾಗೆ ಬಿಗಿ ಮಾಡುವಾಗಲೇ ಬೋಲ್ಟು ಟಣ್ಣೆಂದು ಮುರಿಯಿತು. ತಲೆ ಕಳಚಿ ಬಿತ್ತು, ಮಿಕ್ಕಿದ್ದು ಫ್ರೇಮಿನೊಳಗೇ ಉಳಿಯಿತು. ಅವನ ಸಿಟ್ಟು ನೆತ್ತಿಗೇರಿತು. ಸುತ್ತಿಗೆ ತಂದು ಬಡಿದ. ಬಡಿದಷ್ಟೂ ಅದು ಕಚ್ಚಿಕೊಂಡಿತು. ಕೊನೆಗೆ ಸೈಕಲ್ಲು ತಳ್ಳಿಕೊಂಡು ರಿಪೇರಿಯವನ ಬಳಿಗೆ ಹೋದ.

ರಿಪೇರಿಯವನು ನೋಡಿ, ಮುರಿದ ಜಾಗಕ್ಕೆ ಎಣ್ಣೆ ಬಿಟ್ಟು ಸುಮ್ಮನೆ ಕೂತ.

"ಕೂತೆಯಲ್ಲ ಮಾರಾಯ! ಹಾಲು ಕೆಡುತ್ತದೆ, ಈಗಲೇ ಹೊಡೆದು ತೆಗೆ" ಎಂದ ಹಾಲಿನವನು.

"ಇವತ್ತಿನ ಹಾಲು ಕೆಟ್ಟರೆ ನಾಳೆ ಎಮ್ಮೆ ಮತ್ತೆ ಕೊಡುತ್ತದೆ. ಫ್ರೇಮು ಸೀಳಿದರೆ ಯಾರು ಕೊಡುತ್ತಾರೆ?"

ಎಣ್ಣೆ ಒಳಗಿಳಿಯುವವರೆಗೂ ಅವನು ಏಳಲಿಲ್ಲ. ಆಮೇಲೆ ಮುರಿದ ತುಂಡಿನ ಅಂಚಿಗೆ ಸಣ್ಣ ಉಳಿ ಇಟ್ಟು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟಿದ. ಮೊದಲು ಏನೂ ಆಗಲಿಲ್ಲ. ಮತ್ತೆ ಎಣ್ಣೆ ಬಿಟ್ಟ, ಮತ್ತೆ ತಟ್ಟಿದ. ತುಂಡು ಕೂದಲೆಳೆಯಷ್ಟು ತಿರುಗಿತು. ಹಾಗೇ ತಿರುಗುತ್ತಾ ಬಂದು ಬೆರಳಿಗೆ ಸಿಕ್ಕಿತು. ಫ್ರೇಮಿಗೆ ಏನೂ ಆಗಿರಲಿಲ್ಲ. ಹಾಲಿನವನಿಗೆ ಹೋದ ಜೀವ ಬಂದಂತಾಯಿತು.

ರಿಪೇರಿಯವನು ಹೊಸ ಬೋಲ್ಟು ಹಾಕಿದ. ಅದು ಕ್ಯಾರಿಯರನ್ನು ಹಿಡಿದ ಕೂಡಲೇ ಕೈ ತೆಗೆದ. ಅಷ್ಟರಲ್ಲಿ ಹಾಲಿನವನ ಕೈ ಸೊಂಟಕ್ಕೆ ಹೋಗಿತ್ತು. ಇನ್ನೊಂಚೂರು ಬಿಗಿ ಮಾಡೋಣ ಎಂದು ಸ್ಪ್ಯಾನರು ಹೊರಗೆ ತೆಗೆದೇಬಿಟ್ಟ! ರಿಪೇರಿಯವನು ಅವನ ಮಣಿಕಟ್ಟು ಹಿಡಿದುಕೊಂಡ. "ನನಗೆ ಕೂಲಿ ಬೇಡ. ಅದನ್ನು ಇಲ್ಲಿ ಇಟ್ಟು ಹೋಗು" ಎಂದ.

ಅಜ್ಜಾರು ಕತೆ ನಿಲ್ಲಿಸಿದರು. ಚನ್ನವೀರ ತಲೆ ಕೆರೆದುಕೊಂಡು, "ಹಾಗಾದರೆ ನಾಳೆ ಮಗಳ ಹತ್ತಿರ ಹೋಗಲೇಬಾರದೇ?" ಎಂದು ಕೇಳಿದ.

ಅಜ್ಜಾರು ಅವನ ಮುಂದೆ ಅಂಗೈ ಚಾಚಿದರು.

"ಧಾರಾಳವಾಗಿ ಹೋಗು, ನಿನ್ನ ಸ್ಪ್ಯಾನರು ಕೊಟ್ಟು ಹೋಗು."